ನಿರೀಕ್ಷಿತ ಶ್ರೇಣಿ ಇಲ್ಲದವರ ವಿಲಾಯತಿ ಅರ್ಜಿ

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಸೀಮೆಯವರಿಗೆ ಪರಸ್ಥಳವಾಸವೆಂಬುದು ಹೊಸ ಮಾತಲ್ಲ. ಹಿಂದಿನವರು ಹೊಟ್ಟೆಪಾಡಿಗಾಗಿ ಮುಂಬಯಿಯ ಹೋಟೆಲುಗಳಿಗೆ ಹೋದರು; ಅವರ ಮಕ್ಕಳು ಕೊಲ್ಲಿ ದೇಶಗಳಿಗೆ ಹೋದರು. ದುಡಿಮೆಗಾಗಿ ಊರು ಬಿಡುವ ದಾರಿಯನ್ನು ಹೇಳಿಕೊಡಬಲ್ಲ ಮಾವನೋ ಚಿಕ್ಕಪ್ಪನೋ ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಸಿಗುತ್ತಾರೆ. ಆದರೆ ಓದುವುದಕ್ಕಾಗಿ ಸಮುದ್ರ ದಾಟುವ ದಾರಿಯನ್ನು ಹೇಳಿಕೊಡುವವರು, ಮನೆಯಲ್ಲಿ ಮೊತ್ತಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ, ಬಹಳ ವಿರಳ. ಹೇಳಲು ಮುಂದೆ ಬರುವವರಲ್ಲಿ ಹೆಚ್ಚಿನವರು ಶುಲ್ಕ ತೆಗೆದುಕೊಂಡು ಹೇಳುವ ಮಧ್ಯವರ್ತಿಗಳು. ಹೀಗಿರಲು, ಈ ದಾರಿಯಲ್ಲಿ ಮೊದಲಿಗೆ ಎದುರಾಗುವ ಒಂದು ತೊಡಕನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಇಂಗ್ಲೆಂಡಿನ ವಿಶ್ವವಿದ್ಯಾನಿಲಯವೊಂದಕ್ಕೆ ಪದವಿ ತರಗತಿಯ ಪ್ರವೇಶ ಬಯಸಿ ಅರ್ಜಿಯನ್ನು ತುಂಬತೊಡಗಿದರೆ, ಹೆಸರು, ವಿಳಾಸ, ಶಾಲೆಗಳ ವಿವರವೆಲ್ಲ ಮುಗಿದ ಮೇಲೆ "ಪ್ರಿಡಿಕ್ಟೆಡ್ ಗ್ರೇಡ್" ಎಂಬ ಪ್ರಶ್ನೆ ಬರುತ್ತದೆ. ಇದನ್ನು ಕನ್ನಡದಲ್ಲಿ ನಿರೀಕ್ಷಿತ ಶ್ರೇಣಿ ಎನ್ನಬಹುದು. ವಿದ್ಯಾರ್ಥಿಯು ಇನ್ನೂ ಬರೆಯದಿರುವ ಪರೀಕ್ಷೆಯಲ್ಲಿ ಎಷ್ಟು ಪಡೆದಾನೆಂದು ಅವನ ಶಿಕ್ಷಕರು ಮುಂಚಿತವಾಗಿ ಅಂದಾಜು ಮಾಡಿ ಬರೆದುಕೊಡುವ ಶ್ರೇಣಿಯಿದು. ನಮ್ಮ ಪಿ.ಯು.ಸಿ. ವ್ಯವಸ್ಥೆಯಲ್ಲಾಗಲಿ, ಪದವಿಯ ವ್ಯವಸ್ಥೆಯಲ್ಲಾಗಲಿ ಇಂಥದೊಂದು ಪದ್ಧತಿಯಿಲ್ಲ. ಮಂಡಳಿ ಪರೀಕ್ಷೆ ಮಾಡುತ್ತದೆ, ಅಂಕಪಟ್ಟಿ ಕೊಡುತ್ತದೆ. ನಡುವೆ ಊಹೆಗೆ ಸ್ಥಳವಿಲ್ಲ. ಆದ್ದರಿಂದ ನಮ್ಮ ಹುಡುಗ ಹುಡುಗಿಯರು ಈ ಪ್ರಶ್ನೆಯ ಮುಂದೆ ಬಂದು ನಿಂತುಬಿಡುತ್ತಾರೆ. ಕೆಲವರು ಇದು ತಮಗಲ್ಲವೆಂದು ಕೈಬಿಡುತ್ತಾರೆ. ಕೆಲವರು ಮಧ್ಯವರ್ತಿಗಳ ಕೈಗೆ ಬೀಳುತ್ತಾರೆ. ಎರಡೂ ಅನಾವಶ್ಯಕವೆಂಬುದೇ ನನ್ನ ವಾದ.

ಆ ದೇಶದಲ್ಲಿ ಈ ಊಹೆ ಏಕೆ ಬೇಕಾಯಿತು? ಅಲ್ಲಿ ಶಾಲೆಯ ಕೊನೆಯ ಪರೀಕ್ಷೆಗೆ ಎ-ಲೆವೆಲ್ ಎಂದು ಹೆಸರು. ಅದರ ಫಲಿತಾಂಶ ಹೊರಬೀಳುವುದು ಆಗಸ್ಟ್ ತಿಂಗಳಿನಲ್ಲಿ. ವಿಶ್ವವಿದ್ಯಾನಿಲಯಗಳಲ್ಲಿ ಪಾಠ ಆರಂಭವಾಗುವುದು ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ. ಎಲ್ಲರ ಅರ್ಜಿಗಳನ್ನು ಪರಿಶೀಲಿಸುವುದಕ್ಕೆ ಈ ನಡುವಿನ ಕೆಲವೇ ವಾರಗಳು ಸಾಲವು. ಅದರಿಂದ ಅರ್ಜಿಗಳನ್ನು ಹಿಂದಿನ ಚಳಿಗಾಲದಲ್ಲಿಯೇ ತರಿಸಿಕೊಳ್ಳುತ್ತಾರೆ. ಯೂಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಐದು ಕೋರ್ಸುಗಳಿಗೆ ಅರ್ಜಿ ಹಾಕಬಹುದು. 2026ರ ಪ್ರವೇಶಕ್ಕೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೂ ವೈದ್ಯಕೀಯಕ್ಕೂ 2025ರ ಅಕ್ಟೋಬರ್ 15, ಉಳಿದ ಹೆಚ್ಚಿನ ಕೋರ್ಸುಗಳಿಗೆ 2026ರ ಜನವರಿ 14 ಗಡುವಾಗಿತ್ತು. ಪರೀಕ್ಷೆ ಬರೆಯುವ ಮುನ್ನವೇ ಅರ್ಜಿ ಹೋಗಬೇಕಾದ ಕಾರಣ, ಶಿಕ್ಷಕರ ಊಹೆಯನ್ನು ಆಧಾರವಾಗಿಟ್ಟುಕೊಂಡು ವಿಶ್ವವಿದ್ಯಾನಿಲಯವು ಷರತ್ತಿನ ಪ್ರವೇಶಪತ್ರ ಕೊಡುತ್ತದೆ. "ಇಷ್ಟು ಶ್ರೇಣಿ ಬಂದರೆ ನಿಮಗೆ ಸ್ಥಾನವುಂಟು" ಎಂಬುದು ಅದರ ಒಕ್ಕಣೆ. ಹೀಗೆ ನೋಡಿದರೆ ನಿರೀಕ್ಷಿತ ಶ್ರೇಣಿಯು ವಿದ್ಯೆಯ ಅಳತೆಗೋಲಲ್ಲ. ಅವರ ಪಂಚಾಂಗದ ತೊಂದರೆಗೆ ಅವರು ಕಂಡುಕೊಂಡ ಪರಿಹಾರ ಮಾತ್ರ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದು ನಮ್ಮಲ್ಲಿ ಗಾದೆಯುಂಟು. ಹಾಗೆ ಹೊಲಿಸಿದ ಕುಲಾವಿ ಎಷ್ಟು ಮಂದಿಯ ತಲೆಗೆ ಸರಿಹೊಂದಿತೆಂಬುದನ್ನು ಆ ದೇಶದವರೇ ಲೆಕ್ಕ ಹಾಕಿ ನೋಡಿದ್ದಾರೆ. ಲಂಡನ್ನಿನ ಗಿಲ್ ವೈನೆಸ್ ಎಂಬ ವಿದುಷಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೂರರಲ್ಲಿ 16 ಮಂದಿ ಅರ್ಜಿದಾರರಿಗೆ ಮಾತ್ರ ಊಹೆ ನಿಜವಾಗಿತ್ತು. 75 ಮಂದಿಯ ವಿಷಯದಲ್ಲಿ ಊಹೆ ವಾಸ್ತವಕ್ಕಿಂತ ಮೇಲೆ ಇತ್ತು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಉತ್ತಮ ಅಂಕ ಗಳಿಸುವ ವಿದ್ಯಾರ್ಥಿಗಳ ಪೈಕಿ ಬಡ ಮನೆಯವರನ್ನು ಕಡಿಮೆಯಾಗಿ ಅಂದಾಜು ಮಾಡುವ ಸಂಭವ ಶ್ರೀಮಂತ ಮನೆಯವರಿಗಿಂತ ಹೆಚ್ಚಾಗಿತ್ತು. 2020ರಲ್ಲಿ ಕೊರೋನಾದ ದೆಸೆಯಿಂದ ಎ-ಲೆವೆಲ್ ಪರೀಕ್ಷೆಗಳೇ ನಡೆಯದೆ, ಶಾಲೆಗಳ ಊಹೆಯನ್ನು ಗಣಕದ ಸೂತ್ರವೊಂದರಿಂದ ತಿದ್ದಿದಾಗ, ಇಂಗ್ಲೆಂಡಿನಲ್ಲಿ ನೂರಕ್ಕೆ ಸುಮಾರು 40 ಶ್ರೇಣಿಗಳು ಕೆಳಗಿಳಿದವು. ವಿದ್ಯಾರ್ಥಿಗಳು ಬೀದಿಗಿಳಿದರು, ಆಗಸ್ಟ್ 17ರಂದು ಸರಕಾರ ಆ ಸೂತ್ರವನ್ನು ಕೈಬಿಟ್ಟಿತು.

ಪರೀಕ್ಷೆಯಿಲ್ಲದೆ ಅಂಕ ಕೊಡುವ ಪ್ರಸಂಗ ನಮ್ಮ ರಾಜ್ಯಕ್ಕೂ ಒಮ್ಮೆ ಒದಗಿತು. 2021ರಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆ ರದ್ದಾಯಿತು. ಎಸ್.ಎಸ್.ಎಲ್.ಸಿ.ಯ ಅಂಕಕ್ಕೆ ನೂರಕ್ಕೆ 45, ಪ್ರಥಮ ಪಿ.ಯು.ಸಿ.ಯ ಅಂಕಕ್ಕೆ 45, ಕಾಲೇಜಿನ ಆಂತರಿಕ ಅಂಕಕ್ಕೆ 10 ಎಂಬ ಪ್ರಮಾಣದಲ್ಲಿ ಫಲಿತಾಂಶ ಸಿದ್ಧವಾಯಿತು. ಆ ಸಲ 600ಕ್ಕೆ 600 ಪಡೆದವರೇ ಎರಡು ಸಾವಿರಕ್ಕೂ ಮಿಕ್ಕಿದ್ದರು! ಅದೇ ವರ್ಷ ಜುಲೈ 19 ಮತ್ತು 22ರಂದು ನಮ್ಮ ತಂಡದವರು ಎರಡೇ ದಿನಗಳಲ್ಲಿ, ಸರಿಯುತ್ತರವನ್ನು ಗುರುತಿಸುವ ಪ್ರಶ್ನೆಗಳಿಂದಲೇ, ಎಸ್.ಎಸ್.ಎಲ್.ಸಿ. ಬರೆದೆವು. ಪರದೇಶದ ವಿಶ್ವವಿದ್ಯಾನಿಲಯಗಳು ಹತ್ತನೆಯ ತರಗತಿಯ ಅಂಕವನ್ನೂ ಕೇಳುವುದುಂಟು. ಹಾಗೆ ಕೇಳಿದಾಗ, ಆ ವರ್ಷದ ವಿಶೇಷವನ್ನು ಗುರುಗಳ ಶಿಫಾರಸು ಪತ್ರದಲ್ಲಿ ಒಂದು ಸಾಲಿನಲ್ಲಿ ಬರೆಯಿಸುವುದು ಒಳ್ಳೆಯದು. ನಮಗೆ ತಿಳಿದಿರುವ ಸಂಗತಿ ಅಲ್ಲಿಯ ಅಧಿಕಾರಿಗೆ ತಿಳಿದಿರಬೇಕೆಂದಿಲ್ಲ.

ಇನ್ನು ನಮ್ಮ ನಾಡಿನಿಂದ ಹಿಂದೆ ಹೋದವರು ಹೇಗೆ ಹೋದರೆಂದು ನೋಡೋಣ. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸು ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದು, ಆ ಮೇಲೆ ವಿದ್ಯಾರ್ಥಿವೇತನದಿಂದ ಕೇಂಬ್ರಿಜಿನ ಟ್ರಿನಿಟಿ ಕಾಲೇಜಿಗೆ ಹೋದರು. ಮುಂದೆ ಭಾರತದ ಸಂವಿಧಾನ ಸಭೆಗೆ ಸಲಹೆಗಾರರಾದವರು ಇವರೇ. ಡಾ. ಅಂಬೇಡ್ಕರರು 1912ರಲ್ಲಿ ಮುಂಬಯಿಯ ಬಿ.ಎ. ಪದವಿ ಪಡೆದು, 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಗಿರೀಶ ಕಾರ್ನಾಡರು 1958ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಿಂದ ಬಿ.ಎ. ಆಗಿ, ರೋಡ್ಸ್ ವಿದ್ಯಾರ್ಥಿವೇತನ ಗಳಿಸಿ, 1960ರಿಂದ 1963ರ ವರೆಗೆ ಆಕ್ಸ್‌ಫರ್ಡಿನಲ್ಲಿ ಓದಿದರು. ಯು. ಆರ್. ಅನಂತಮೂರ್ತಿಯವರು ಮೈಸೂರಿನ ಎಂ.ಎ. ಮುಗಿಸಿ, ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಿಂದ ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಡಾಕ್ಟರೇಟ್ ಪಡೆದರು. ಈ ನಾಲ್ವರಲ್ಲಿ ಯಾರೂ ಊಹೆಯ ಅಂಕ ಹಿಡಿದು ಹೋದವರಲ್ಲ. ಕೈಯಲ್ಲಿ ಪದವಿಯನ್ನು ಹಿಡಿದು ಹೋದವರು. ನಮ್ಮ ನಾಡಿನ ವಿದ್ಯಾರ್ಥಿಗೆ ಸಹಜವಾದ ದಾರಿ ಇದೇ. ಇಂದಿಗೂ ಇದು ಮುಚ್ಚಿಲ್ಲ.

ಈಗ ವ್ಯವಹಾರದ ಮಾತಿಗೆ ಬರೋಣ. ಮೊದಲನೆಯದಾಗಿ, ಪಿ.ಯು.ಸಿ. ಮುಗಿಸಿ ನೇರವಾಗಿ ಹೋಗಬೇಕೆನ್ನುವ ನಮ್ಮ ತಮ್ಮ ತಂಗಿಯರ ವಿಷಯ. ಅವರ ಮುಂದೆ ಎರಡು ಮಾರ್ಗಗಳಿವೆ. ಪರೀಕ್ಷೆಗೆ ಮುನ್ನವೇ ಅರ್ಜಿ ಹಾಕುವುದಾದರೆ, ಮಧ್ಯವಾರ್ಷಿಕ ಪರೀಕ್ಷೆ ಹಾಗೂ ಅಷ್ಟರೊಳಗೆ ನಡೆದಿದ್ದರೆ ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳನ್ನು ಆಧರಿಸಿ ಪ್ರಾಂಶುಪಾಲರು ಅಂದಾಜನ್ನು ಬರೆದುಕೊಡಬಹುದು. ಹಾಗೆ ಬರೆಯಲು ಕಾಲೇಜಿಗೆ ಅಡ್ಡಿಯೇನೂ ಇಲ್ಲ. ಕಾಲೇಜು ಒಪ್ಪದಿದ್ದರೆ ಎರಡನೆಯ ಮಾರ್ಗ, ಫಲಿತಾಂಶ ಬಂದ ಮೇಲೆ ಅರ್ಜಿ ಹಾಕುವುದು. ಇಲ್ಲಿ ನಮ್ಮ ಪಂಚಾಂಗವೇ ನಮಗೆ ಸಹಾಯಕ್ಕೆ ಬರುತ್ತದೆ. 2025ರಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆ-1ರ ಫಲಿತಾಂಶ ಏಪ್ರಿಲ್ 8ರಂದೇ ಬಂದಿತು. ಎ-ಲೆವೆಲ್ ಫಲಿತಾಂಶಕ್ಕೆ ಆಗ ಇನ್ನೂ ನಾಲ್ಕು ತಿಂಗಳಿತ್ತು. ಸ್ಥಾನಗಳು ಉಳಿದಿರುವ ಕೋರ್ಸುಗಳಿಗೆ ಯೂಕಾಸ್ ಜೂನ್ 30ರ ವರೆಗೆ ಸಾಮಾನ್ಯ ರೀತಿಯಲ್ಲಿಯೂ, ಅನಂತರ "ಕ್ಲಿಯರಿಂಗ್" ಎಂಬ ಕ್ರಮದಲ್ಲಿಯೂ ಅರ್ಜಿ ಸ್ವೀಕರಿಸುತ್ತದೆ. ಆದರೆ ವೀಸಾದ ಕೆಲಸಕ್ಕೂ ಹಣದ ಏರ್ಪಾಡಿಗೂ ಕಾಲ ಬೇಕಷ್ಟೆ. ಅವಸರದಲ್ಲಿ ಹೊರಡುವುದಕ್ಕಿಂತ ಮುಂದಿನ ವರ್ಷದ ಪ್ರವೇಶಕ್ಕೆ ನಿಜವಾದ ಅಂಕಗಳನ್ನು ಬರೆದು ಅರ್ಜಿ ಹಾಕುವುದು ಮೇಲು. ಪೂರ್ಣಗೊಂಡ ಪರೀಕ್ಷೆಯ ಅಂಕ ಬರೆದವನಿಂದ ನಿರೀಕ್ಷಿತ ಶ್ರೇಣಿಯನ್ನು ಯಾರೂ ಕೇಳುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಎಲ್ಲ ವಿಶ್ವವಿದ್ಯಾನಿಲಯಗಳೂ ರಾಜ್ಯ ಮಂಡಳಿಯ ಪಿ.ಯು.ಸಿ.ಯನ್ನು ಒಂದೇ ರೀತಿ ಎಣಿಸುವುದಿಲ್ಲ. ಕೆಲವು ನಮ್ಮಿಂದ ಕೇಂದ್ರ ಮಂಡಳಿಯವರಿಗಿಂತ ಹೆಚ್ಚಿನ ಶೇಕಡಾವನ್ನು ಕೇಳುತ್ತವೆ. ಕೆಲವು ಒಂದು ವರ್ಷದ ಫೌಂಡೇಶನ್ ತರಗತಿ ಬೇಕೆನ್ನುತ್ತವೆ. ಜರ್ಮನಿಗೆ ಬರಿಯ ಪಿ.ಯು.ಸಿ. ಸಾಮಾನ್ಯವಾಗಿ ಸಾಲದು. ಹೀಗಾಗಿ ಆಯಾ ವಿಶ್ವವಿದ್ಯಾನಿಲಯವು ಭಾರತದ ವಿದ್ಯಾರ್ಥಿಗಳಿಗಾಗಿ ಪ್ರಕಟಿಸಿರುವ ಅರ್ಹತೆಯನ್ನು ಓದದೆ ಅರ್ಜಿಯ ಶುಲ್ಕ ಕಟ್ಟಬಾರದು.

ಎರಡನೆಯದಾಗಿ, ನಮ್ಮಂಥ ಬಿ.ಎ. ವಿದ್ಯಾರ್ಥಿಗಳ ವಿಷಯ. ಎಂ.ಎ. ತರಗತಿಗೆ ಹೋಗುವವರು ಇಂಗ್ಲೆಂಡಿನಲ್ಲಿ ಬಹುಮಟ್ಟಿಗೆ ವಿಶ್ವವಿದ್ಯಾನಿಲಯಕ್ಕೇ ನೇರವಾಗಿ ಅರ್ಜಿ ಹಾಕುತ್ತಾರೆ. ಅಲ್ಲಿ ನಿರೀಕ್ಷಿತ ಶ್ರೇಣಿಯ ಬದಲು ಈವರೆಗಿನ ಸೆಮಿಸ್ಟರುಗಳ ಅಂಕಪಟ್ಟಿಗಳನ್ನು ನೋಡುತ್ತಾರೆ. ಆರರಲ್ಲಿ ನಾಲ್ಕೋ ಐದೋ ಸೆಮಿಸ್ಟರುಗಳ ಅಂಕ ಕೈಯಲ್ಲಿದ್ದರೆ, ಒಟ್ಟು ಇಷ್ಟು ಶೇಕಡಾ ಬರಬೇಕೆಂಬ ಷರತ್ತಿನೊಡನೆ ಪ್ರವೇಶಪತ್ರ ಬರುತ್ತದೆ. ಕೊನೆಯ ಅಂಕಪಟ್ಟಿ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರ ತಲಪಿದ ಮೇಲೆ ಷರತ್ತು ಕಳೆಯುತ್ತದೆ. ಮೂರು ವರ್ಷದ ಬಿ.ಎ.ಯನ್ನು ಇಂಗ್ಲೆಂಡಿನಲ್ಲಿ ಒಪ್ಪುವುದು ಸಾಮಾನ್ಯ. ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳು ನಾಲ್ಕು ವರ್ಷದ ಪದವಿಯನ್ನು ಕೇಳುತ್ತವೆ. ಒಂದೊಂದರ ನಿಯಮ ಒಂದೊಂದು ತೆರನಾಗಿದೆ. ಜರ್ಮನಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳು 2022ರ ನವೆಂಬರಿನಿಂದ ಎ.ಪಿ.ಎಸ್. ಎಂಬ ಕಚೇರಿಯಿಂದ ತಮ್ಮ ಪ್ರಮಾಣಪತ್ರಗಳ ಪರಿಶೀಲನೆ ಮಾಡಿಸಿಕೊಳ್ಳಬೇಕಾಗಿದೆ. ಅಲ್ಲಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಹೆಚ್ಚಿನವು ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಆದರೆ ಒಂದು ವರ್ಷದ ಜೀವನವೆಚ್ಚವನ್ನು ಮುಂಚಿತವಾಗಿ ಬ್ಯಾಂಕಿನಲ್ಲಿಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತವನ್ನು 11,904 ಯೂರೋ ಎಂದು ಗೊತ್ತುಪಡಿಸಲಾಯಿತು.

ನಮ್ಮ ಅಂಕಪಟ್ಟಿಯ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದವಿಯ ಕ್ರಮ ಬಂದು, 2024-25ರಿಂದ ಸೇರಿದವರಿಗೆ ಮತ್ತೆ ಮೂರು ವರ್ಷದ ಕ್ರಮವಾಯಿತು. ಇದರಿಂದ ಒಂದೇ ಕಾಲೇಜಿನ ಹಿರಿಯರ ಮತ್ತು ಕಿರಿಯರ ಅಂಕಪಟ್ಟಿಗಳು ಬೇರೆ ಬೇರೆ ರೀತಿಯಾಗಿರುತ್ತವೆ. ಅಂಕ, ಕ್ರೆಡಿಟ್, ಶ್ರೇಣಿಗಳ ವಿವರಣೆಯಿರುವ ಪುಟವನ್ನೂ ಅಂಕಪಟ್ಟಿಯ ಜತೆ ಕಳುಹಿಸಬೇಕು. ವಿಶ್ವವಿದ್ಯಾನಿಲಯದ ಮೊಹರಿನ "ಟ್ರಾನ್ಸ್‌ಕ್ರಿಪ್ಟ್" ಬೇಕೆಂದು ಕೇಳಿದರೆ ಕೊಣಾಜೆಯ ಮಂಗಳಗಂಗೋತ್ರಿಗೆ ಮೊದಲೇ ಅರ್ಜಿ ಕೊಡಬೇಕು. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟು, ಇವುಗಳಲ್ಲಿ ಹೆಸರು ಒಂದೇ ರೀತಿ ಇರಬೇಕು. ಮನೆತನದ ಹೆಸರು ಒಂದರಲ್ಲಿದ್ದು ಮತ್ತೊಂದರಲ್ಲಿಲ್ಲದಿರುವುದು ನಮ್ಮ ಜಿಲ್ಲೆಯಲ್ಲಿ ಹೊಸತಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವರು ಐ.ಇ.ಎಲ್.ಟಿ.ಎಸ್.ನಂಥ ಇಂಗ್ಲಿಷ್ ಪರೀಕ್ಷೆಗೆ ಸಿದ್ಧರಾಗುವುದು ಒಳಿತು. ಅದರ ಅಂಕ ಎರಡು ವರ್ಷ ಊರ್ಜಿತವಾಗಿರುತ್ತದೆ.

ಊಹೆಯ ಅಂಕವಿಲ್ಲದವರಿಗೆ ನಿಜವಾದ ಬಲ ಗುರುಗಳ ಶಿಫಾರಸು ಪತ್ರ. "ಈತನು ಸದ್ಗುಣಿ, ವಿಧೇಯ" ಎಂಬ ನಡತೆಪತ್ರದಿಂದ ಈ ಕೆಲಸವಾಗದು. ಯಾವ ವಿಷಯವನ್ನು ಎಷ್ಟು ಕಾಲ ಕಲಿಸಿದರು, ತರಗತಿಯಲ್ಲಿ ವಿದ್ಯಾರ್ಥಿಯ ಸ್ಥಾನವೇನು, ಯಾವ ಪ್ರಬಂಧವನ್ನು ಹೇಗೆ ಬರೆದ, ಮನೆಯ ಯಾವ ಕಷ್ಟದ ನಡುವೆ ಓದಿದ, ಇಂಥ ವಿವರಗಳು ಅದರಲ್ಲಿರಬೇಕು. ಸಂಜೆ ಅಮ್ಮನ ಜತೆ ಬೀಡಿ ಕಟ್ಟಿ, ಬೆಳಿಗ್ಗೆ ಅದನ್ನು ಬ್ರಾಂಚಿಗೆ ಮುಟ್ಟಿಸಿ, ಆ ಮೇಲೆ ಕಾಲೇಜಿನ ಬಸ್ಸು ಹಿಡಿಯುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ನಾನೂ ಅವರಲ್ಲೊಬ್ಬಳು. ಇದು ಅಂಕಪಟ್ಟಿಯಲ್ಲಿ ಬರುವ ಸಂಗತಿಯಲ್ಲ. ಗುರುಗಳು ಬರೆದರೆ ಮಾತ್ರ ತಿಳಿಯುವಂಥದು. ಮತ್ತೊಂದು ಮಾತು: ಸರಕಾರಿ ಕಾಲೇಜುಗಳಲ್ಲಿ ನಮಗೆ ಪಾಠ ಹೇಳುವವರಲ್ಲಿ ಅನೇಕರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಅವರು ಯಾವ ಊರಿನಲ್ಲಿರುವರೋ ಹೇಳಲಾಗದು. ಪರದೇಶದವರು ಸಾಮಾನ್ಯವಾಗಿ ಸಂಸ್ಥೆಯ ಅಧಿಕೃತ ಇ-ಮೇಲ್ ವಿಳಾಸದಿಂದಲೇ ಪತ್ರ ಬರಬೇಕೆನ್ನುತ್ತಾರೆ. ಆದ್ದರಿಂದ ಕೊನೆಯ ಸೆಮಿಸ್ಟರು ಮುಗಿಯುವ ಮುನ್ನವೇ ಕೇಳಿಕೊಂಡು, ಪ್ರಾಂಶುಪಾಲರ ಕಚೇರಿಯ ಮೂಲಕ ಪತ್ರವನ್ನು ಸಿದ್ಧಪಡಿಸಿಟ್ಟುಕೊಳ್ಳಬೇಕು.

ಇಲ್ಲಿ ಮಧ್ಯವರ್ತಿಗಳ ಮಾತನ್ನು ಹೇಳದೆ ವಿಧಿಯಿಲ್ಲ. "ನಿಮ್ಮ ಕಾಲೇಜಿನವರು ಕೊಡದಿದ್ದರೇನಂತೆ, ಅಂದಾಜಿನ ಅಂಕಪತ್ರವನ್ನು ನಾವೇ ಮಾಡಿಸುತ್ತೇವೆ" ಎಂದು ನನ್ನೆದುರಿಗೇ ಒಬ್ಬರು ಹೇಳಿದ್ದುಂಟು. ಹೇಳಿದವರಿಗೆ ಅದರಿಂದ ನಷ್ಟವಿಲ್ಲ. ಅರ್ಜಿಯ ಕೆಳಗೆ ರುಜು ಹಾಕುವವರು ನಾವು. ಸುಳ್ಳು ದಾಖಲೆಯಿಂದ ವಂಚಿಸಿದ್ದು ಗೊತ್ತಾದರೆ ಬ್ರಿಟನ್ನಿನ ವೀಸಾ ನಿರಾಕರಣೆಯಾಗುವುದಲ್ಲದೆ, ಹತ್ತು ವರ್ಷಗಳ ಕಾಲ ಆ ದೇಶದ ಬಾಗಿಲೇ ಮುಚ್ಚಬಹುದು. ಇಪ್ಪತ್ತರ ವಯಸ್ಸಿನವರಿಗೆ ಹತ್ತು ವರ್ಷವೆಂದರೆ ಓದುವ ಆಯುಷ್ಯವೇ ಕಳೆದಂತೆ. ನಿರೀಕ್ಷಿತ ಶ್ರೇಣಿ ಇಲ್ಲವೆಂದು ನೇರವಾಗಿ ಬರೆದವನಿಗೆ ಯಾವ ಶಿಕ್ಷೆಯೂ ಇಲ್ಲ. "ನಮ್ಮ ಮಂಡಳಿಯಲ್ಲಿ ಈ ಪದ್ಧತಿಯಿಲ್ಲ, ನನ್ನಲ್ಲಿರುವ ಅಂಕಗಳು ಇವು, ಅಂತಿಮ ಫಲಿತಾಂಶ ಇಂಥ ತಿಂಗಳಲ್ಲಿ ಬರುತ್ತದೆ" ಎಂದು ಪ್ರವೇಶ ಕಚೇರಿಗೆ ನಾಲ್ಕು ಸಾಲಿನ ಪತ್ರ ಬರೆದರೆ ಸಾಕು.

ಕೊನೆಯದಾಗಿ ಹಣದ ಮಾತು. ನಮ್ಮಲ್ಲಿ ಹಲವರ ಮನೆಯ ಆಸ್ತಿಯೆಂದರೆ ಒಂದು ಸಣ್ಣ ಅಡಿಕೆ ತೋಟ, ಅಥವಾ ಮನೆಯಡಿಯ ಹತ್ತು ಸೆಂಟ್ಸ್ ಜಾಗ. ಬ್ಯಾಂಕುಗಳ ಮಾದರಿ ವಿದ್ಯಾಸಾಲ ಯೋಜನೆಯಂತೆ ಏಳೂವರೆ ಲಕ್ಷ ರೂಪಾಯಿ ದಾಟಿದ ಸಾಲಕ್ಕೆ ಆಸ್ತಿಯ ಅಡವು ಬೇಕು. ಷರತ್ತಿನ ಪ್ರವೇಶಪತ್ರವನ್ನು ನಂಬಿ ತೋಟವನ್ನು ಅಡವಿಟ್ಟು, ಮುಂಗಡ ಶುಲ್ಕ ಕಟ್ಟಿ, ಆ ಮೇಲೆ ಕೊನೆಯ ಸೆಮಿಸ್ಟರಿನ ಅಂಕ ಷರತ್ತಿಗೆ ತಲಪದೆ ಹೋದರೆ ಗತಿಯೇನು? ಷರತ್ತು ಪೂರೈಸದಿದ್ದರೆ ಮುಂಗಡ ಹಿಂದಕ್ಕೆ ಬರುವುದೇ, ಪ್ರವೇಶವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಡುವರೇ ಎಂಬುದನ್ನು ಲಿಖಿತವಾಗಿ ತಿಳಿಯದೆ ಹಣ ಕಟ್ಟಬಾರದು. ವಿದ್ಯಾರ್ಥಿವೇತನಗಳ ನಿಯಮವೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಪರಿಶಿಷ್ಟ ಜಾತಿ, ಅಲೆಮಾರಿ ಪಂಗಡ, ಭೂಮಿಯಿಲ್ಲದ ಕೃಷಿಕೂಲಿಕಾರರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗಾಗಿ ಕೇಂದ್ರ ಸರಕಾರ ನಡೆಸುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಪದವಿಯಲ್ಲಿ ನೂರಕ್ಕೆ 60 ಅಂಕವೂ, ಷರತ್ತಿಲ್ಲದ ಪ್ರವೇಶಪತ್ರವೂ ಬೇಕು. ಎಂದರೆ ಅಂತಿಮ ಅಂಕಪಟ್ಟಿ ಕೈಗೆ ಬಂದವರಿಗೇ ಅದರ ಪ್ರಯೋಜನ. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮೊದಲಾದ ವಿಷಯಗಳಿಗೆ ಈ ವೇತನವಿಲ್ಲವೆಂಬ ನಿಯಮವನ್ನು 2022ರಲ್ಲಿ ಸೇರಿಸಲಾಯಿತು. ಕಲಾ ವಿಭಾಗದವರಾದ ನಾವು ಆಯಾ ವರ್ಷದ ನಿಯಮಾವಳಿಯನ್ನು ಓದಿಯೇ ವಿಷಯವನ್ನು ಆರಿಸಬೇಕು. ಪರಿಶಿಷ್ಟ ವರ್ಗದ ವಿದ್ಯಾರ್ಥಿಗಳಿಗೆ ರಾಜ್ಯ ಸರಕಾರದ "ಪ್ರಬುದ್ಧ" ಯೋಜನೆಯನ್ನೂ ವಿಚಾರಿಸಿ ನೋಡಬಹುದು.

ಹೀಗೆ ಲೆಕ್ಕ ಹಾಕಿದಾಗ ಒಂದು ವರ್ಷ ಕಾಯುವುದೇ ಬುದ್ಧಿವಂತಿಕೆಯೆಂದು ತೋರುತ್ತದೆ. "ಹುಡುಗಿ ಮನೆಯಲ್ಲಿ ಕುಳಿತಳು" ಎಂದು ನೆರೆಹೊರೆಯವರು ಆಡಿಕೊಂಡಾರು, ಮದುವೆಯ ಪ್ರಸ್ತಾಪವೂ ಬಂದೀತು. ನನ್ನಂಥ ಹೆಣ್ಣುಮಕ್ಕಳಿಗೆ ಕಾಯುವುದರ ನಿಜವಾದ ಕಷ್ಟ ಇದೇ. ಆದರೆ ಆ ವರ್ಷದಲ್ಲಿ ಒಂದು ಕೆಲಸ ಹಿಡಿದು, ಇಂಗ್ಲಿಷನ್ನು ಗಟ್ಟಿಮಾಡಿಕೊಂಡು, ಪಾಸ್‌ಪೋರ್ಟು, ಟ್ರಾನ್ಸ್‌ಕ್ರಿಪ್ಟುಗಳನ್ನು ಮಾಡಿಸಿಕೊಂಡು, ಷರತ್ತಿಲ್ಲದ ಪ್ರವೇಶಪತ್ರ ಪಡೆದರೆ, ತಂದೆತಾಯಿಗಳಿಗೆ "ಬಂದೀತು" ಎಂದು ಹೇಳುವ ಬದಲು "ಬಂದಿದೆ" ಎಂದು ಹೇಳಬಹುದು. ತೋಟದ ಪತ್ರವನ್ನು ಬ್ಯಾಂಕಿಗೆ ಒಯ್ಯುವ ತಂದೆಗೆ ಈ ಎರಡು ಮಾತುಗಳ ಅಂತರ ಚಿಕ್ಕದಲ್ಲ.

ನಮ್ಮ ಕಾಲೇಜಿನ ಗುರುಗಳಲ್ಲಿಯೂ ಒಂದು ವಿನಂತಿಯಿದೆ. ಪರದೇಶದ ಅರ್ಜಿಗಳಿಗಾಗಿ ವಾಚನಾಲಯದಲ್ಲಿ ಒಂದು ಕಡತವನ್ನು ತೆರೆಯಬೇಕು. ಗಡುವುಗಳು, ವಿದ್ಯಾರ್ಥಿವೇತನಗಳ ಆಯಾ ವರ್ಷದ ನಿಯಮಗಳು, ಶಿಫಾರಸು ಪತ್ರದ ಒಂದು ಮಾದರಿ, ಇಷ್ಟು ಅದರಲ್ಲಿದ್ದರೆ ಸಾಕು. ಒಬ್ಬರು ಹೋಗಿ ಬಂದರೆ ತಾವು ಕಂಡದ್ದನ್ನು ಅದಕ್ಕೆ ಸೇರಿಸಲಿ. ಮುಂದೆ ಬರುವ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಕೇಳಲು ಯಾರೂ ಇಲ್ಲದಿದ್ದರೂ ಕಾಲೇಜಿನಲ್ಲಿ ನೋಡಲು ಒಂದು ಕಡತವಾದರೂ ಇರಲಿ.